ಬೇಸಿಗೆಯಲ್ಲಿ ಪಾಠ ನಿಂತಿದೆ, ಮಗ ಮರದ ಮೇಲಿದ್ದಾನೆ

ಓದುಗರ ಪ್ರಶ್ನೆ: ನಾವು ಸಾಗರ ತಾಲೂಕಿನ ಒಂದು ಹಳ್ಳಿಯವರು. 4 ವರ್ಷದ ಹಿಂದೆ ಬೆಂಗಳೂರು ಬಿಟ್ಟು ಗಂಡನ ಮನೆಯ ಅಡಿಕೆ ತೋಟಕ್ಕೆ ಬಂದೆವು. ಮಗಳಿಗೆ 10 ವರ್ಷ, ಮಗನಿಗೆ 7. ಇಬ್ಬರಿಗೂ ಮನೆಯಲ್ಲೇ ಪಾಠ, ಶಾಲೆಗೆ ಸೇರಿಸಿಲ್ಲ. ದೀಪಾವಳಿ ಕಳೆದು ಅಡಿಕೆಯ ಕೊನೆಕೊಯ್ಲು ಶುರುವಾದಾಗಿನಿಂದ ಪಾಠ ಅಷ್ಟಕ್ಕಷ್ಟೆ. ಮಾರ್ಚ್‌ನಿಂದ ಪೂರ್ತಿ ನಿಂತಿದೆ. ಬೆಳಿಗ್ಗೆ ತಿಂಡಿ ತಿಂದು ಹೊರಬಿದ್ದರೆ ತೋಟ, ಗುಡ್ಡ, ಹೊಂಡದ ದಂಡೆ. ಮಧ್ಯಾಹ್ನ ಅತ್ತೆಯವರ ಜೊತೆ ಹಪ್ಪಳ. ಸಂಜೆ ಮತ್ತೆ ಹೊರಗೆ. ಕರೆಂಟ್ ಯಾವಾಗ ಇರುತ್ತದೋ ಗೊತ್ತಿಲ್ಲ. ಈ ಸೆಖೆಗೆ ಪುಸ್ತಕ ಹಿಡಿಯಲು ನನಗೇ ಮನಸ್ಸು ಬರುವುದಿಲ್ಲ. ಈಗ ನಾದಿನಿಯರ ಮಕ್ಕಳೂ ರಜೆಗೆ ಬಂದಿದ್ದಾರೆ, ಮನೆಯಲ್ಲಿ 12 ಜನ. ಮೊನ್ನೆ ನೆಂಟರೊಬ್ಬರು ಊಟದ ಪಂಕ್ತಿಯಲ್ಲಿ ಮಗನಿಗೆ 7ರ ಮಗ್ಗಿ ಹೇಳು ಅಂದರು. ಬರಲಿಲ್ಲ. ಅಳುತ್ತಾ ಎದ್ದುಹೋದ. ಮಗಳು ನವರಾತ್ರಿ ಹೊತ್ತಿಗೆ ಸಲೀಸಾಗಿ ಮಾಡುತ್ತಿದ್ದ ಭಾಗಾಕಾರವನ್ನು ಈಗ ಮರೆತಿದ್ದಾಳೆ. ಮಗ ಓದುವಾಗ ಒತ್ತಕ್ಷರ ಬಂದಲ್ಲಿ ತಡವರಿಸುತ್ತಾನೆ. ದಿನಕ್ಕೆ 2 ಗಂಟೆ ಕಟ್ಟುನಿಟ್ಟಾಗಿ ಕೂರಿಸಲೇ? ಜೂನ್‌ಗೆ ಶಾಲೆಗೇ ಸೇರಿಸಿಬಿಡಲೇ? ಮನೆಯಲ್ಲಿ ಕಲಿಸುವುದೇ ಕಾನೂನಿಗೆ ವಿರುದ್ಧ ಅಂತಲೂ ಒಬ್ಬರು ಹೆದರಿಸಿದ್ದಾರೆ. ಇನ್ನೊಂದು ಸಣ್ಣ ಪ್ರಶ್ನೆ. ಮಗ ಮಾವಿನ ಮರದ ಮೇಲೆ ಕೂತರೆ ಮಾತ್ರ ಓದುತ್ತೇನೆ ಅನ್ನುತ್ತಾನೆ. ಬಿಡಬಹುದಾ?

ಉತ್ತರ:

ಮೊದಲು ಆ ಮಗ್ಗಿಯ ವಿಷಯ ಮುಗಿಸಿಬಿಡೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಂತ ಕಾಣುತ್ತದೆ.

ಎಲೆಯ ಮುಂದೆ ಕೂತ ಮಗುವಿಗೆ, ಹತ್ತು ಜನ ನೋಡುತ್ತಿರುವಾಗ ಮಗ್ಗಿ ಕೇಳಿದರೆ ಅದರಿಂದ ಮಗುವಿನ ಲೆಕ್ಕದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅದು ದೊಡ್ಡವರ ಮನರಂಜನೆ, ಅಷ್ಟೆ. ನಾನು 30 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ನನ್ನನ್ನೇ ಹಾಗೆ ಹಿಡಿದು ಕೇಳಿದರೆ ಏಳೆಂಟ್ಲ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ. 7 ವರ್ಷದ ಹುಡುಗನಿಗೆ 2, 3, 5, 10ರ ಮಗ್ಗಿ ಅರ್ಥವಾಗಿ ಬಂದರೆ ನನ್ನ ಪ್ರಕಾರ ಸಾಕು. ಮುಂದಿನ ಸಲ ಯಾರಾದರೂ ಶುರು ಮಾಡಿದರೆ 'ಊಟ ಆಗ್ಲಿ ಮಾವ, ಆಮೇಲೆ ಅವನೇ ನಿಮಗೊಂದು ಲೆಕ್ಕ ಕೇಳ್ತಾನೆ' ಅಂತ ನಗುತ್ತಾ ಹೇಳಿಬಿಡಿ. ಅಮ್ಮ ತನ್ನ ಕಡೆ ಇದ್ದಾಳೆ ಅನ್ನುವುದು ಅವನಿಗೆ ಗೊತ್ತಾದರೆ ಆಯಿತು.

ಉಳಿದ ಪ್ರಶ್ನೆಗಳ ಒಳಗೆಲ್ಲ ಇರುವುದು ಒಂದೇ ಅಳುಕು: ಬೇಸಿಗೆಯಲ್ಲಿ ಹೀಗೆ ಬಿಟ್ಟಿದ್ದಕ್ಕೆ ಮಕ್ಕಳು ಹಿಂದೆ ಬಿದ್ದರಾ? ಬಿದ್ದಿದ್ದರೆ, ಶಾಲೆಗೆ ಕಳಿಸದ ನಮ್ಮ ನಿರ್ಧಾರವೇ ತಪ್ಪಾಯಿತಾ?

ಶಾಲೆಯ ಮಕ್ಕಳಿಗೂ ಮರೆಯುತ್ತದೆ

ಎಲ್ಲ ಮೇಷ್ಟ್ರುಗಳಿಗೂ ಗೊತ್ತಿದ್ದು ಪೋಷಕರಿಗೆ ಮಾತ್ರ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಮ್ಮ ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದ ಸುಮಾರಿಗೆ ರಜೆ ಶುರು. ಮೇ ಕೊನೆಯವರೆಗೆ ಬಾಗಿಲು ಹಾಕಿರುತ್ತದೆ. ಬಾಗಿಲು ತೆಗೆದ ಮೇಲೆ ಹೊಸ ಪಾಠಕ್ಕೆ ಯಾರೂ ನೇರವಾಗಿ ಹೋಗುವುದಿಲ್ಲ. ಮೊದಲು ಸೇತುಬಂಧ ಮಾಡುತ್ತೇವೆ. ಅಂದರೆ ಹಿಂದಿನ ವರ್ಷದ್ದು ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡಿ, ಹೋದದ್ದನ್ನು ಮತ್ತೆ ಕೂಡಿಸುವ ಕೆಲಸ. ಇಲಾಖೆಯೇ ಅದಕ್ಕೊಂದು ಹೆಸರಿಟ್ಟು ದಿನ ಗೊತ್ತು ಮಾಡಿದೆ ಅಂದರೆ, ರಜೆಯಲ್ಲಿ ಮರೆಯುವುದು ಎಷ್ಟು ಮಾಮೂಲು ಅಂತ ಲೆಕ್ಕ ಹಾಕಿ. ಮಾರ್ಚ್‌ನಲ್ಲಿ ಸರಸರ ಓದುತ್ತಿದ್ದ ಹುಡುಗಿ ಜೂನ್ ಮೊದಲ ವಾರ 'ಪ' ಯಾವುದು 'ಷ' ಯಾವುದು ಅಂತ ಮುಖ ನೋಡಿದ್ದು ನನಗೆ ನೆನಪಿದೆ. 15 ದಿನದಲ್ಲಿ ಸರಿಹೋಯಿತು. ನಿಮ್ಮ ನಾದಿನಿಯರ ಮಕ್ಕಳೂ ಈಗ ಮರೆಯುತ್ತಲೇ ಇದ್ದಾರೆ. ಅವರಿಗೆ ಯಾರೂ ಭಾಗಾಕಾರ ಕೊಡುತ್ತಿಲ್ಲವಾದ್ದರಿಂದ ಕಾಣುತ್ತಿಲ್ಲ.

ಹಾಗಂತ ಮರೆವು ದೊಡ್ಡ ವಿಷಯವೇ ಅಲ್ಲ ಅನ್ನಲಾರೆ. ಕೊರೊನಾ ಕಾಲದಲ್ಲಿ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದಾಗ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ 5 ರಾಜ್ಯಗಳಲ್ಲಿ 16,067 ಮಕ್ಕಳನ್ನು ನೋಡಿದರು. 2021ರಲ್ಲಿ ಬಂದ ವರದಿಯ ಪ್ರಕಾರ ಶೇ 92 ಮಕ್ಕಳು ಹಿಂದೆ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು. ಗಣಿತದಲ್ಲಿ ಅದು ಶೇ 82. ಅದು ತುಂಬ ಉದ್ದದ ಬಿಡುವು, ನಿಮ್ಮ ಎರಡು ತಿಂಗಳಿಗೆ ಅದನ್ನು ಹೋಲಿಸಬಾರದು. ಅಮೆರಿಕದಲ್ಲಿ ಬರೀ ಬೇಸಿಗೆ ರಜೆಯ ಬಗ್ಗೆ ನಡೆದಿದ್ದ 39 ಅಧ್ಯಯನಗಳನ್ನು ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು 1996ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದರು. ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ನಷ್ಟ ಅಂತ ಅವರ ಲೆಕ್ಕ. ಆ ಲೆಕ್ಕ ಜಾಸ್ತಿಯಾಯಿತು ಅಂತ ಆಮೇಲೆ ಬೇರೆಯವರು ತಕರಾರು ತೆಗೆದಿದ್ದಾರೆ. ನನಗೆ ಅದರಲ್ಲಿ ಉಪಯೋಗಕ್ಕೆ ಬಂದದ್ದು ಅಂಕಿಯಲ್ಲ, ಇನ್ನೊಂದು ಮಾತು. ಎಲ್ಲಕ್ಕಿಂತ ಬೇಗ ಜಾರುವುದು ಲೆಕ್ಕ ಮಾಡುವ ಕ್ರಮ ಮತ್ತು ಕಾಗುಣಿತ. ಕೈಗೆ ರೂಢಿ ಇದ್ದರೆ ಮಾತ್ರ ಉಳಿಯುವಂಥವು ಇವು. ನಿಮ್ಮ ಮಗಳ ಭಾಗಾಕಾರ ಹೋದದ್ದು ಅದಕ್ಕೇ. ಅವಳ ಬುದ್ಧಿಗೆ ಏನೂ ಆಗಿಲ್ಲ.

ಮನೆಯಲ್ಲಿ ಕಲಿಸುವವರ ನಡುವೆ ಓಡಾಡುವ ಇನ್ನೊಂದು ಮಾತಿದೆ: 'ತೋಟದಲ್ಲಿ ಬೆಳೆಯುವ ಮಕ್ಕಳು ಎಲ್ಲವನ್ನೂ ತಾವೇ ಕಲಿಯುತ್ತಾರೆ, ಸುಮ್ನೆ ಬಿಡಿ.' ಇದು ಅರ್ಧ ನಿಜ. ಯಾವ ಹಲಸು ಗಟ್ಟಿ ತೊಳೆಯ ಬಕ್ಕೆ, ಯಾವುದು ಮೆತ್ತನೆಯ ಬಿಳುವ, ವಾಲ್ವ್ ತಿರುಗಿಸಿದರೆ ನೀರು ಯಾವ ಸಾಲಿಗೆ ಹೋಗುತ್ತದೆ, ದನ ಯಾವಾಗ ಹಾಯುತ್ತದೆ, ಇವೆಲ್ಲ ತಾವೇ ಬರುತ್ತವೆ. ಓದು ಹಾಗೆ ಬರುವುದಿಲ್ಲ. ಮಾತು ಕಿವಿಗೆ ಬಿದ್ದರೆ ಬರುತ್ತದೆ. ಅಕ್ಷರ ಮನುಷ್ಯ ಮಾಡಿಕೊಂಡದ್ದು, ಅದನ್ನು ಯಾರಾದರೂ ಕೂತು ತೋರಿಸಲೇಬೇಕು. ನಾನೂ ಒಮ್ಮೆ ಇಲ್ಲಿ ಎಡವಿದ್ದೇನೆ. ನಿವೃತ್ತಿಯಾದ ಹೊಸದರಲ್ಲಿ ಒಂದು ಮನೆಯವರಿಗೆ 'ಅವಸರ ಬೇಡ, ಅವನಿಗೇ ಬೇಕು ಅನ್ನಿಸಿದಾಗ ಓದುತ್ತಾನೆ' ಅಂತ ಹೇಳಿಬಿಟ್ಟೆ. ಹುಡುಗನಿಗೆ 9 ದಾಟಿದರೂ ಬೇಕು ಅನ್ನಿಸಲಿಲ್ಲ. ಅಷ್ಟು ಹೊತ್ತಿಗೆ ತನಗೆ ಬರುವುದೇ ಇಲ್ಲ ಅಂತ ಅವನೇ ತೀರ್ಮಾನ ಮಾಡಿಕೊಂಡಿದ್ದ. ಅಕ್ಷರ ಕಲಿಸುವುದಕ್ಕಿಂತ ಆ ತೀರ್ಮಾನ ಬಿಡಿಸುವುದೇ ದೊಡ್ಡ ಕೆಲಸವಾಯಿತು. ಆಮೇಲಿಂದ ಆ ಸಲಹೆ ಕೊಡುವುದನ್ನು ನಿಲ್ಲಿಸಿದ್ದೇನೆ.

ತಪ್ಪು ಬೇಸಿಗೆಯದ್ದಲ್ಲ

ನಿಮ್ಮ ಪತ್ರದಲ್ಲಿ ನೀವೇ ಬರೆದ ಒಂದು ಸಾಲನ್ನು ನೀವೇ ಗಮನಿಸಿಲ್ಲ. ಕೊನೆಕೊಯ್ಲು ಶುರುವಾದಾಗಿನಿಂದ ಪಾಠ ಅಷ್ಟಕ್ಕಷ್ಟೆ ಅಂದಿದ್ದೀರಿ. ಅಲ್ಲಿಗೆ ಲೆಕ್ಕ ಹಾಕಿ. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ನವೆಂಬರ್‌ನಿಂದ ಜನವರಿ ಹೋಯಿತು. ಅದು ಮುಗಿಯುವಷ್ಟರಲ್ಲಿ ಕಾಳುಮೆಣಸು. ಆಮೇಲೆ ತೋಟಕ್ಕೆ ನೀರು, ಉಪ್ಪಿನಕಾಯಿಗೆ ಅಪ್ಪೆಮಿಡಿ ಮಾವು, ಹಪ್ಪಳ, ನೆಂಟರು. ನಿಮ್ಮ ಮನೆಯಲ್ಲಿ ಪಾಠ ನಿಂತು ಎರಡು ತಿಂಗಳಲ್ಲ, ಹೆಚ್ಚುಕಡಿಮೆ ಆರು ತಿಂಗಳಾಗಿದೆ. ಕಾಣಿಸಿದ್ದು ಮಾತ್ರ ಬೇಸಿಗೆಯಲ್ಲಿ.

ಪಟ್ಟಣದ ಶಾಲೆಯ ಪಂಚಾಂಗವನ್ನು ತೋಟದ ಮನೆಗೆ ತಂದಿಟ್ಟುಕೊಂಡರೆ ಹೀಗೇ ಆಗುವುದು. ಜೂನ್‌ನಿಂದ ಮಾರ್ಚ್ ಪಾಠ, ಏಪ್ರಿಲ್-ಮೇ ರಜೆ ಅಂತ ನೀವು ಅಂದುಕೊಂಡಿದ್ದೀರಿ. ನಿಮ್ಮ ತೋಟ ಅದಕ್ಕೆ ಒಪ್ಪುತ್ತಿಲ್ಲ. ಮಲೆನಾಡಿನಲ್ಲಿ ಮಕ್ಕಳು ಮನೆಯೊಳಗೇ ಇರುವ ಕಾಲ ಯಾವುದು? ಮಳೆಗಾಲ. ಮೃಗಶಿರ ಮಳೆ ಹಿಡಿದರೆ ನವರಾತ್ರಿಯವರೆಗೆ ಹೊರಗೆ ಹೋಗುವುದೇ ಕಡಿಮೆ. ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಓಡಾಟ ಬಿಟ್ಟರೆ ದೊಡ್ಡವರಿಗೂ ಒಂದಿಷ್ಟು ಪುರುಸೊತ್ತು. ನಿಮ್ಮ ನಿಜವಾದ ಶಾಲಾ ವರ್ಷ ಆ ನಾಲ್ಕು ತಿಂಗಳು. ಹೊಸದೇನಾದರೂ ಕಲಿಸುವುದಿದ್ದರೆ ಆಗ ಕಲಿಸಿ. ಕೊಯ್ಲಿನಲ್ಲಿ ಮತ್ತು ಬೇಸಿಗೆಯಲ್ಲಿ ಹೊಸದು ಬೇಡ, ಇದ್ದದ್ದು ತುಕ್ಕು ಹಿಡಿಯದಷ್ಟು ನೋಡಿಕೊಂಡರೆ ಸಾಕು.

ಇದನ್ನು ಹೇಳುವುದು ಸುಲಭ, 12 ಜನರ ಅಡುಗೆ ಮಾಡುತ್ತಾ ನಡೆಸುವುದು ಕಷ್ಟ ಅಂತ ನನಗೂ ಗೊತ್ತು. ಒಂದು ಮಾತು ಕೇಳಲೇ? ಪತ್ರದಲ್ಲಿ ಅತ್ತೆ ಇದ್ದಾರೆ, ನಾದಿನಿಯರ ಮಕ್ಕಳಿದ್ದಾರೆ, ಮಗ್ಗಿ ಕೇಳಿದ ನೆಂಟರೂ ಇದ್ದಾರೆ. ಮಕ್ಕಳ ಅಪ್ಪನ ಸುದ್ದಿಯೇ ಇಲ್ಲ. ಪಾಠ ನಿಂತಿರುವುದಕ್ಕೆ ಸೆಖೆಗಿಂತ ದೊಡ್ಡ ಕಾರಣ, ಅದು ಪೂರ್ತಿ ನಿಮ್ಮೊಬ್ಬರ ತಲೆಯ ಮೇಲಿರುವುದು. ಬೆಳಿಗ್ಗೆ ನೀರು ತಿರುಗಿಸಲು ಹೋಗುವ ಮೊದಲು ಅವರು ಮಗನ ಜೊತೆ 15 ನಿಮಿಷ ಕೂರಲಿ. ಅವರಿಗೆ ಪಾಠ ಮಾಡಲು ಬರದಿದ್ದರೂ ಚಿಂತೆಯಿಲ್ಲ, ಮಗ ಓದಿದ್ದನ್ನು ಕೇಳಿಸಿಕೊಂಡರೆ ಆಯಿತು.

ಮಗನ ಒತ್ತಕ್ಷರ

ಈ ಬೇಸಿಗೆಯಲ್ಲಿ ನಾನು ಕೈಬಿಡಬೇಡಿ ಅನ್ನುವುದು ಇದೊಂದನ್ನೇ, ಅವನ ಓದು. ಆದರೆ ಗಾಬರಿಯಿಂದ ಮಾಡಬೇಡಿ. ಕನ್ನಡ ಓದು ಕಲಿಯುವುದು ನಾವು ಅಂದುಕೊಂಡಷ್ಟು ಬೇಗ ಮುಗಿಯುವ ಕೆಲಸವಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ನಾವು ಲೆಕ್ಕ ಹೇಳುತ್ತೇವೆ. ಆದರೆ 34 ವ್ಯಂಜನಕ್ಕೂ ಕಾಗುಣಿತ ಹಚ್ಚಿದರೆ ಮಗುವಿನ ಕಣ್ಣಿಗೆ ಬೀಳುವ ರೂಪಗಳು 400 ದಾಟುತ್ತವೆ. ಅದರ ಮೇಲೆ ಒತ್ತು, ಅರ್ಕಾವೊತ್ತು. ಕನ್ನಡ ಮಕ್ಕಳ ಓದಿನ ಬಗ್ಗೆ ತುಂಬ ಕೆಲಸ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ತೋರಿಸಿದ್ದೂ ಇದನ್ನೇ. ನಮ್ಮ ಮಕ್ಕಳು ಎಲ್ಲ ಅಕ್ಷರರೂಪಗಳ ಮೇಲೆ ಹಿಡಿತ ಸಾಧಿಸಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ನಿಮ್ಮ ಮಗ ಶಾಲೆಯಲ್ಲಿದ್ದಿದ್ದರೆ ಈಗ ಎರಡನೇ ಕ್ಲಾಸಿನ ಆಸುಪಾಸು. ಒತ್ತಿನ ಹತ್ತಿರ ತಡವರಿಸುವುದು ಅವನ ವಯಸ್ಸಿಗೆ ತಕ್ಕದ್ದೇ.

ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಿ ನಾನು ಮಾಡುತ್ತಿದ್ದ ಒಂದು ಉಪಾಯ ಹೇಳುತ್ತೇನೆ. ಒತ್ತಕ್ಷರಗಳನ್ನೆಲ್ಲ ಒಂದೇ ಸಲ ತಲೆಗೆ ತುಂಬಬೇಡಿ. ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳನ್ನು ಮೊದಲು ಹಿಡಿಯಿರಿ. ನಿಮ್ಮ ಮನೆಯ ಸುತ್ತ ಅವೇ ತುಂಬಿವೆ ನೋಡಿ: ಹಪ್ಪಳ, ಹಣ್ಣು, ಗುಡ್ಡ, ಕತ್ತಿ, ಬುಟ್ಟಿ, ದಬ್ಬೆ, ಅಟ್ಟ, ಬೆಲ್ಲ, ಅಜ್ಜಿ. ಇವು ಕಣ್ಣಿಗೆ ರೂಢಿಯಾದ ಮೇಲೆ ಬೇರೆ ಒತ್ತು: ಪಾತ್ರೆ, ಪುಸ್ತಕ, ಪಂಕ್ತಿ. ಸೂರ್ಯ, ವರ್ಷ ಆಮೇಲೆ. ಸ್ಪ್ರಿಂಕ್ಲರ್ ಅನ್ನುವುದನ್ನು ಮೂರನೇ ಕ್ಲಾಸಿಗೆ ಬಿಡಿ, ಪಾಪ! ಉಪ್ಪಿನಕಾಯಿ ಭರಣಿಗೆ ಚೀಟಿ ಬರೆದು ಅಂಟಿಸುವ ಕೆಲಸ ಅವನಿಗೆ ಕೊಡಿ. ಅಪ್ಪೆಮಿಡಿ, ಯಾವ ಮರದ್ದು, ಯಾವ ತಾರೀಕು. ತಪ್ಪು ಬರೆದರೆ ತಿದ್ದಬೇಡಿ. ಮಳೆಗಾಲದಲ್ಲಿ ಅವನೇ ಓದಿ ನಗುತ್ತಾನೆ.

ಪುಸ್ತಕಕ್ಕೆ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ. ಹಿಂದೆ ಗ್ರಂಥಾಲಯ ಅನ್ನುತ್ತಿದ್ದದ್ದು. ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆಗೆ ಹೋಗದ ಮಕ್ಕಳಿಗೆ ಹೊರಗಿನ ಒಂದು ಜಾಗ ತಮ್ಮದು ಅನ್ನಿಸುವುದೂ ಮುಖ್ಯ. ಇಂಟರ್ನೆಟ್ ಸಿಗುವ ದಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ಇಳಿಸಿಟ್ಟುಕೊಳ್ಳಬಹುದು, ದುಡ್ಡು ಕೊಡಬೇಕಾಗಿಲ್ಲ. ಮೊದಲ ಎರಡು ಹಂತದ ಕಥೆಗಳು ಅವನಿಗೆ ಸರಿಹೋಗುತ್ತವೆ.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಒತ್ತು ಇಲ್ಲದ ಸರಳ ಪದಗಳಲ್ಲೂ ಎಡವುತ್ತಿದ್ದರೆ, ನಿನ್ನೆ ಓದಿದ ಪದ ಇವತ್ತು ಹೊಸದಾಗಿ ಕಂಡರೆ, ಮಳೆಗಾಲ ಪೂರ್ತಿ ದಿನಾ ಓದಿಸಿದ ಮೇಲೂ ಹಾಗೇ ಇದ್ದರೆ ಕಾಯಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದೇ ಕಷ್ಟವಾಗುವ ತೊಂದರೆ, ಅದು ಗೊತ್ತಿರುವವರ ಹತ್ತಿರ ತೋರಿಸಿ. ಶಾಲೆಯಲ್ಲಿದ್ದರೆ ಇದನ್ನು ಮೇಷ್ಟ್ರು ಗುರುತಿಸುತ್ತಿದ್ದರು. ಮನೆಯಲ್ಲಿ ಕಲಿಸುವಾಗ ಆ ಹೊರಗಿನ ಕಣ್ಣು ಇರುವುದಿಲ್ಲ. ಈ ಆಯ್ಕೆಯಲ್ಲಿರುವ ನಿಜವಾದ ಅಪಾಯ ಇದು, ನೆಂಟರ ಮಗ್ಗಿಯಲ್ಲ.

ಮಗಳ ಭಾಗಾಕಾರ ಒಂದು ವಾರದ ಕೆಲಸ. ಉದ್ದ ಭಾಗಾಕಾರದ ಮೆಟ್ಟಿಲುಗಳನ್ನು ಅವಳು ಬಾಯಿಪಾಠದಂತೆ ಕಲಿತಿದ್ದಳು ಅಂತ ಕಾಣುತ್ತದೆ, ಅದಕ್ಕೇ ಉಳಿಯಲಿಲ್ಲ. ಅತ್ತೆಯವರು ಒಣಗಿದ ಹಪ್ಪಳ ಕಟ್ಟು ಕಟ್ಟುವ ದಿನ ಲೆಕ್ಕ ಅವಳ ಕೈಗೆ ಕೊಡಿ. 386 ಹಪ್ಪಳ ಇದೆ, 25ರ ಕಟ್ಟು ಮಾಡಬೇಕು. ದಾರ ಎಷ್ಟು ತುಂಡು ಮಾಡಿಡೋಣ? ಅವಳು 10 ಕಟ್ಟಿಗೆ 250 ಅನ್ನುತ್ತಾಳೆ, ಇನ್ನು 5 ಕಟ್ಟಿಗೆ 125 ಅನ್ನುತ್ತಾಳೆ, 375 ಆಯಿತು, 11 ಉಳಿಯಿತು. ಭಾಗಾಕಾರ ಅಂದರೆ ಅಷ್ಟೇ. ಮೆಟ್ಟಿಲು ಆಮೇಲೆ ಬರಲಿ. ಉಳಿದ 11 ಏನು ಮಾಡುವುದು ಅನ್ನುವುದಕ್ಕೆ ಮಕ್ಕಳಿಗೆ ಉತ್ತರ ಗೊತ್ತು, ಕೆಂಡ ಇದ್ದರೆ ಸಾಕು. ಅತ್ತೆಯವರ ಮಳೆ ನಕ್ಷತ್ರವೂ ಒಳ್ಳೆಯ ಲೆಕ್ಕ. 27 ನಕ್ಷತ್ರ, 365 ದಿನ. ಒಂದೊಂದಕ್ಕೆ 13 ದಿನ ಕೊಟ್ಟರೆ 14 ದಿನ ಉಳಿಯುತ್ತದೆ. ಭರಣಿಗೆ ಎಷ್ಟು ದಿನ, ಕೃತ್ತಿಕೆಗೆ ಎಷ್ಟು ಅಂತ ಅವಳು ಅಜ್ಜಿಯ ಪಂಚಾಂಗದಲ್ಲಿ ನೋಡಲಿ.

ಇಂಥವು ವಾರಕ್ಕೆ ಒಂದೋ ಎರಡೋ ಇರಲಿ, ಅದೂ ಲೆಕ್ಕ ನಿಜವಾಗಿ ಬೇಕಾದಾಗ. ಹಪ್ಪಳ ಒತ್ತುತ್ತಾ ಕೂತ ಮಗುವಿಗೆ 'ಇದರ ಸುತ್ತಳತೆ ಎಷ್ಟು' ಅಂದರೆ ಮರುದಿನ ಆ ಮಗು ಹಪ್ಪಳದ ಹತ್ತಿರ ಬರುವುದಿಲ್ಲ. ಎಲ್ಲವನ್ನೂ ಪಾಠ ಮಾಡಲು ಹೋಗುವ ಅಪ್ಪ-ಅಮ್ಮಂದಿರನ್ನು ತುಂಬ ನೋಡಿದ್ದೇನೆ.

ಈಗ ಏನು ಮಾಡಬಹುದು

ಮಳೆ ಹಿಡಿಯುವವರೆಗೆ ಪೂರ್ತಿ ರಜೆ ಕೊಟ್ಟುಬಿಡಬಹುದು. ಮಗಳಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಮಗನಿಗೆ ಇದೆ, ಅವನ ಓದು ಇನ್ನೂ ಬೇರು ಬಿಟ್ಟಿಲ್ಲ.

ದಿನಕ್ಕೆ 2 ಗಂಟೆ ಕಟ್ಟುನಿಟ್ಟಾಗಿ ಕೂರಿಸುವುದು ನೀವು ಕೇಳಿದ ದಾರಿ. ಬೇಡ ಅಂತ ನೇರವಾಗಿಯೇ ಹೇಳುತ್ತೇನೆ. ಹೊರಗೆ ನಾದಿನಿಯರ ಮಕ್ಕಳು ಮರಕೋತಿ ಆಡುತ್ತಿರುವಾಗ ಒಳಗೆ ಕೂತ ಹುಡುಗ ಒತ್ತಕ್ಷರ ಕಲಿಯುವುದಿಲ್ಲ. ಪುಸ್ತಕ ಅಂದರೆ ಶಿಕ್ಷೆ ಅನ್ನುವುದನ್ನು ಕಲಿಯುತ್ತಾನೆ. ಮೂರನೇ ದಿನಕ್ಕೆ ನಿಮಗೂ ಅವನಿಗೂ ಜಗಳ, ಐದನೇ ದಿನಕ್ಕೆ ನೀವೇ ಬಿಡುತ್ತೀರಿ. ಬಿಟ್ಟದ್ದಕ್ಕೆ ಮತ್ತೆ ಬೇಜಾರು.

ನಾನಾದರೆ ನಡುವಿನದ್ದನ್ನು ಆರಿಸುತ್ತೇನೆ. ಬೆಳಿಗ್ಗೆ ದೋಸೆಗೆ ಮೊದಲು ಮಗನಿಗೆ 15 ನಿಮಿಷ ಓದು, ಅಪ್ಪನ ಜೊತೆ. ಮಗಳಿಗೆ 10 ನಿಮಿಷ ಲೆಕ್ಕ, ನಾಲ್ಕೇ ನಾಲ್ಕು. ಚೆನ್ನಾಗಿ ನಡೆಯುತ್ತಿದ್ದರೂ ಹೊತ್ತಾದ ಕೂಡಲೇ ನಿಲ್ಲಿಸಿ. ಇನ್ನೂ ಸ್ವಲ್ಪ ಅಂತ ಎಳೆದರೆ ಮರುದಿನ ಬರುವುದಿಲ್ಲ. ಮಧ್ಯಾಹ್ನ 11ರಿಂದ ಮೂರೂವರೆಯವರೆಗೆ ಹೇಗೂ ಬಿಸಿಲಲ್ಲಿ ಬಿಡಬಾರದು. ಆಗ ಜಗುಲಿಯ ಮೇಲೆ ಎಲ್ಲ ಮಕ್ಕಳನ್ನೂ ಮಲಗಿಸಿ ಮಗಳು ಕಥೆ ಓದಿ ಹೇಳಲಿ, ಬಂದ ಮಕ್ಕಳೂ ಸೇರಿ. ಈ ದಾರಿಗೂ ತೊಡಕಿದೆ. ಮದುವೆ, ಮುಂಜಿ, ನೆಂಟರು ಅಂತ ವಾರಕ್ಕೆ ಎರಡು ದಿನ ತಪ್ಪುತ್ತದೆ. ತಪ್ಪಲಿ. ತಪ್ಪಿದ್ದನ್ನು ಮರುದಿನ ಸೇರಿಸಿ ಅರ್ಧ ಗಂಟೆ ಮಾಡಬೇಡಿ, ಅಷ್ಟೆ. ಬಂದ ಮಕ್ಕಳ ಮೊಬೈಲ್ ಬಗ್ಗೆ ಅವರ ಅಮ್ಮಂದಿರ ಜೊತೆ ಮೊದಲೇ ಮಾತಾಡಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ನಿಮ್ಮ ಮಕ್ಕಳಿಗೆ ಬೇಡ, ಅವರಿಗೆ ಸರಿ ಅಂದರೆ ಮನೆಯಲ್ಲಿ ದಿನಾ ಪಂಚಾಯಿತಿ.

ಜೂನ್‌ಗೆ ಶಾಲೆಗೆ ಸೇರಿಸುವುದೂ ಒಂದು ದಾರಿ, ಅದು ಸೋಲೇನಲ್ಲ. ಮಗಳಿಗೆ ಗೆಳತಿಯರು ಬೇಕು ಅನ್ನಿಸಿದ್ದರೆ, ಕೊಯ್ಲಿನ ಕಾಲದಲ್ಲಿ ನಿಮ್ಮಿಂದ ಆಗುವುದೇ ಇಲ್ಲ ಅನ್ನಿಸಿದ್ದರೆ ಸೇರಿಸಿ. ಮಗ್ಗಿ ಕೇಳಿದವರ ಮೇಲಿನ ಸಿಟ್ಟಿಗೆ ಮಾತ್ರ ಸೇರಿಸಬೇಡಿ. ಜೂನ್ ಒಂದಕ್ಕೆ ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಭಯವೂ ಬೇಡ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಇದುವರೆಗೆ ಶಾಲೆಗೇ ಸೇರದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದಿನದ್ದು ತುಂಬಿಕೊಳ್ಳಲು ವಿಶೇಷ ತರಬೇತಿ ಕೊಡಬೇಕು. ತಡವಾಗಿ ಬಂದರು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ.

ಕಾನೂನಿನ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ನಾನು ವಕೀಲೆಯಲ್ಲ, ಕಾಯ್ದೆ ಓದಿಕೊಂಡ ಮೇಷ್ಟ್ರು. ಅದರ 10ನೇ ಸೆಕ್ಷನ್ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ. ಸೇರಿಸದ ಪೋಷಕರಿಗೆ ಇಂಥ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಬರೆದಿಲ್ಲ. ಮನೆಶಿಕ್ಷಣ ಅನ್ನುವ ಮಾತೇ ಅದರಲ್ಲಿಲ್ಲ, ಸರಿ ಅಂತಲೂ ಇಲ್ಲ, ನಿಷೇಧ ಅಂತಲೂ ಇಲ್ಲ. ಹಾಗಾಗಿ ಪೊಲೀಸರು ಬರುತ್ತಾರೆ ಅಂತ ಹೆದರುವುದೂ ಬೇಡ, ನಮಗೆ ಹಕ್ಕಿದೆ ಅಂತ ಎದೆ ತಟ್ಟಿಕೊಳ್ಳುವುದೂ ಬೇಡ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಣ ಇಲಾಖೆಯ ಸಿಆರ್‌ಪಿಯೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೇಷ್ಟ್ರೋ ಮನೆಗೆ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಮಜ್ಜಿಗೆ ಕೊಟ್ಟು ಕೂರಿಸಿ, ಮಕ್ಕಳ ನೋಟ್‌ಬುಕ್ ತೋರಿಸಿ. ನಾನೂ ಹಾಗೆ ಪಟ್ಟಿ ಹಿಡಿದು ಮನೆಮನೆ ತಿರುಗಿದ್ದೇನೆ. ಮಗು ಕೂಲಿಗೆ ಹೋಗುತ್ತಿಲ್ಲ, ಕಲಿಯುತ್ತಿದೆ ಅಂತ ಕಣ್ಣಿಗೆ ಕಂಡರೆ ನಮ್ಮ ದನಿಯೇ ಬೇರೆಯಾಗುತ್ತಿತ್ತು. ಅದಕ್ಕೇ ಪ್ರತಿ ತಿಂಗಳೂ ಏನು ಓದಿದರು, ಏನು ಬರೆದರು ಅಂತ ತಾರೀಕು ಹಾಕಿ ಇಟ್ಟುಕೊಳ್ಳುವುದು ಒಳ್ಳೆಯದು.

ಹತ್ತನೇ ತರಗತಿಯ ಚಿಂತೆ ಈಗಲೇ ಬೇಡ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನ, ಹತ್ತನೇ ತರಗತಿಗೆ ಸಮನಾದ ಸೆಕೆಂಡರಿ ಪರೀಕ್ಷೆಗೆ ಸೇರಲು 14 ವರ್ಷ ತುಂಬಿರಬೇಕು. 5 ವಿಷಯ, 5 ವರ್ಷದಲ್ಲಿ 9 ಅವಕಾಶ. ಮಗಳಿಗೆ ಇನ್ನೂ ನಾಲ್ಕು ವರ್ಷ ಇದೆ.

ನೀವು ಕೇಳದ ಎರಡು ಮಾತು

ಹೊಂಡದ ದಂಡೆ ಅಂದಿರಲ್ಲ, ಅದು ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವೇ? ಹಾಗಿದ್ದರೆ ಪಾಠದ ಚಿಂತೆ ಬದಿಗಿಟ್ಟು ಈ ವಾರವೇ ಬೇಲಿ ಹಾಕಿಸಿ. ಆ ಹಾಳೆ ಒದ್ದೆಯಾದರೆ ಈಜು ಬರುವ ದೊಡ್ಡವರಿಗೂ ಮೇಲೆ ಹತ್ತಲು ಆಗುವುದಿಲ್ಲ, ಕಾಲು ಜಾರುತ್ತಲೇ ಇರುತ್ತದೆ. ಗಂಟು ಹಾಕಿದ ಹಗ್ಗವನ್ನು ದಂಡೆಯ ಗೂಟಕ್ಕೆ ಕಟ್ಟಿ ನಾಲ್ಕೂ ಕಡೆ ನೀರಿಗೆ ಇಳಿಬಿಡಿ. ಪೇಟೆಯಿಂದ ಬಂದ ಮಕ್ಕಳಿಗೆ ಆ ನೀರಿನ ಅಂದಾಜೇ ಇರುವುದಿಲ್ಲ.

ಎರಡನೆಯದು ಉಣುಗು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಿಮ್ಮ ತಾಲೂಕಿನ ಅರಳಗೋಡು 2019ರಲ್ಲಿ ಈ ಕಾಯಿಲೆಯಿಂದ ಏನು ಅನುಭವಿಸಿತು ಅಂತ ಊರಿನವರಿಗೆ ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಮರಿ ಉಣುಗುಗಳು ಜಾಸ್ತಿ ಇರುವುದು ಮಳೆ ಬೀಳುವ ಮುಂಚಿನ ಈ ಒಣ ತಿಂಗಳುಗಳಲ್ಲೇ. ಮಕ್ಕಳು ಗುಡ್ಡದಲ್ಲಿ ದರಕಿನ, ಅಂದರೆ ಒಣ ಎಲೆಯ ಮೇಲೆ ಕೂರದಿರಲಿ. ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಲ್ಲಿ ಸ್ನಾನ, ಕಂಕುಳು, ಕಿವಿಯ ಹಿಂದೆ, ಸೊಂಟ ನೋಡಿ. ಉಣುಗು ಹತ್ತದಂತೆ ಕಾಡಿಗೆ ಹೋಗುವ ಮುನ್ನ ಹಚ್ಚುವ ಡೆಪಾ ತೈಲದ ಬಗ್ಗೆ, ಮಕ್ಕಳಿಗೆ ಹಚ್ಚಬಹುದೇ ಅನ್ನುವುದನ್ನೂ ಸೇರಿಸಿ ಆಶಾ ಕಾರ್ಯಕರ್ತೆಯನ್ನು ಕೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅವರಿಗೇ ತಿಳಿಸಿ. ಗುಡ್ಡಕ್ಕೆ ಹೋಗಿಬಂದ ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಬಿಸಿಲಿನ ಜ್ವರ ಅಂತ ಮನೆಮದ್ದು ಮಾಡುತ್ತಾ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದ ಅಂತಲೂ ಹೇಳಿ.

ಇನ್ನು ಆ ಸಣ್ಣ ಪ್ರಶ್ನೆ. ಮರದ ಮೇಲೆ ಕೂತು ಓದಲು ಬಿಡಿ. ಕೆಳಗಿನ ಗಟ್ಟಿ ಕೊಂಬೆ ಯಾವುದು ಅಂತ ನೀವೇ ಒಮ್ಮೆ ನೋಡಿ ತೋರಿಸಿ, ಅದಕ್ಕಿಂತ ಮೇಲೆ ಬೇಡ. ಮೋಡ ಕಟ್ಟಿ ಗುಡುಗು ಕೇಳಿಸಿದರೆ ಓದುತ್ತಿದ್ದ ಸಾಲು ಅರ್ಧಕ್ಕೇ ಬಿಟ್ಟು ಇಳಿದು ಮನೆಯೊಳಗೆ ಬರಬೇಕು. ಚಗಳಿ ಇರುವೆಯ ಗೂಡು ಇದೆಯಾ ಅಂತ ಅವನೇ ನೋಡಿಕೊಳ್ಳುತ್ತಾನೆ, ಒಂದು ಸಲ ಕಚ್ಚಿಸಿಕೊಂಡವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಅರಿವು ಕೇಂದ್ರದ ಪುಸ್ತಕವನ್ನು ಮಾತ್ರ ಮರ ಹತ್ತಿಸಬೇಡಿ. ಮಾವಿನ ಸೊನೆ ಹಿಡಿದರೆ ಹೋಗುವುದಿಲ್ಲ.